ಹೇಳದೆ ಕೇಳದೆ ಕೊಯ್ದ ಕಾರು

ಅಮೆರಿಕದ ಟೊಲೀಡೊ ಊರಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದ ಲೊರೆಟ್ಟಾ ಕೆಸ್ಲರ್, ಮದುವೆಗೆ ಮುಂಚೆ ಸ್ವಂತ ಸಂಬಳದಲ್ಲಿ ಕೊಂಡ ಕಾರು ಅದು. ಇಬ್ಬರೇ ಕೂರುವಂಥ, ಚಾವಣಿಯಿಲ್ಲದ ಹಸಿರು ಎಂ.ಜಿ. ಮೊದಲ ಮಗು ಹುಟ್ಟಿದ ವರ್ಷ ಗಂಡ ವರ್ನ್ ಅದನ್ನು ಗ್ಯಾರೇಜಿನ ಮೂಲೆಗೆ ತಳ್ಳಿ ಟಾರ್ಪಾಲು ಹೊದಿಸಿದ. ಮಕ್ಕಳು ಬೆಳೆದು ಮನೆ ಬಿಟ್ಟರು. ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದವು. ಮೇಲೆ ಕ್ರಿಸ್‌ಮಸ್ ದೀಪದ ಡಬ್ಬಿಗಳು, ವರ್ನನ ಮೀನು ಹಿಡಿಯುವ ಸಾಮಾನು. ಒಬ್ಬಳ ಆಸೆಯ ಮೇಲೆ ಹೀಗೆ ಹೊರೆ ಪೇರಿಸಲು ಮನಸ್ಸಾದರೂ ಹೇಗೆ ಬರುತ್ತದೋ.

ನಿವೃತ್ತಳಾದ ಮೇಲೆ ಲೊರೆಟ್ಟಾ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದಳು. ಬ್ರೇಕು ಬಿಚ್ಚಿದಳು, ಎಂಜಿನ್ನು ತೊಳೆದಳು, ಸಂಜೆ ತರಗತಿಗೆ ಹೋಗಿ ವೆಲ್ಡಿಂಗ್ ಕಲಿತಳು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಊರ ಪಕ್ಕದ ಸರೋವರದ ದಂಡೆಯ ರಸ್ತೆಯಲ್ಲಿ ಆ ಕಾರನ್ನು ಮತ್ತೊಮ್ಮೆ ತಾನೇ ಓಡಿಸಬೇಕು.

"ಈ ವಯಸ್ಸಲ್ಲಿ ನಿಂಗ್ಯಾಕೇ ಈ ಉಸಾಬರಿ?" ಅನ್ನುತ್ತಿದ್ದ ವರ್ನ್.

"ಮೊನ್ನೆವರ್ಗೂ ಬಸ್ ಓಡ್ಸಿದ್ದು ಯಾರು, ನಿಮ್ಮಜ್ಜಿನಾ?"

ಎರಡೂ ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಉಕ್ಕಿನ ಪಟ್ಟಿಗಳು ತುಕ್ಕು ಹಿಡಿದಿದ್ದವು. ಚಾವಣಿಯಿಲ್ಲದ ಕಾರಿಗೆ ಅವೇ ಬೆನ್ನೆಲುಬು. ಬಾಗಿಲ ಜಾಗಕ್ಕೆ ಅಡ್ಡಲಾಗಿ ಪೈಪು ಬೆಸೆದು, ಒಂದು ಕಡೆ ಹೊಸ ಪಟ್ಟಿ ಕೂರಿಸಿ ಮುಗಿಸಿಯೇ ಇನ್ನೊಂದು ಕಡೆ ಕೊಯ್ಯಬೇಕು; ಇಲ್ಲದಿದ್ದರೆ ಕಾರು ನಡುವೆ ಕುಸಿಯುತ್ತದೆ. ಪೈಪು ತಂದಿಟ್ಟು ಲೊರೆಟ್ಟಾ ತಂಗಿಯ ಮನೆಗೆ ಹೋದಳು. ಬರುವಷ್ಟರಲ್ಲಿ ವರ್ನ್ ಎರಡೂ ಪಟ್ಟಿಗಳನ್ನು ಕೊಯ್ದು ಬಿಸಾಡಿದ್ದ. ಹಿಂದೆ ಮುಂದೆ ಸ್ಟ್ಯಾಂಡಿನ ಮೇಲೆ ನಿಂತಿದ್ದ ಕಾರು ನಡುವೆ ಹಳೇ ಮಂಚದ ಹಾಗೆ ಜೋತುಬಿದ್ದಿತ್ತು. ಬಾಗಿಲು ತಂದಿಟ್ಟರೆ ಜಾಗಕ್ಕೆ ಕೂರಲೇ ಇಲ್ಲ.

"ಸಹಾಯ ಮಾಡ್ದೆ ಕಣೇ. ನಿಂಗೆ ಖುಷಿಯಾಗ್ಲಿ ಅಂತ," ಅಂದ ವರ್ನ್.

"ಪೈಪ್ ಯಾಕೆ ತಂದಿಟ್ಟೆ ಅಂತ ಒಂದ್ ಫೋನ್ ಮಾಡೋಕಾಗ್ಲಿಲ್ವಾ?"

"ಅದಕ್ಕೆಲ್ಲ ಫೋನ್ ಮಾಡ್ತಾರಾ? ಹಳೇ ತಗಡು. ಗುಜರಿಗೆ ಹಾಕಿ ಬೇರೆ ತಗೊಳ್ಳೋಣ ಬಿಡು."

ಲೊರೆಟ್ಟಾಳ ಮೈ ಉರಿದುಹೋಯಿತು.

"ಇದು ನನ್ ಕಾರು, ವರ್ನ್. ಮೂಲೆಗೆ ತಳ್ಳೋವಾಗ್ಲೂ ಕೇಳ್ಲಿಲ್ಲ, ಕೊಯ್ಯೋವಾಗ್ಲೂ ಕೇಳ್ಲಿಲ್ಲ. ನಡಿ ಆಚೆ."

ಆ ಚಳಿಗಾಲವೆಲ್ಲ ಅವಳದು ಒಂದೇ ಕೆಲಸ: ಕಾರಿನ ನಡುವಿಗೆ ಜಾಕ್ ಕೊಟ್ಟು ಕೂದಲೆಳೆಯಷ್ಟು ಎತ್ತುವುದು, ಬಾಗಿಲು ಕೂಡಿಸಿ ನೋಡುವುದು, ಮತ್ತೆ ಎತ್ತುವುದು. ಬೆರಳು ಮರಗಟ್ಟಿದವು, ಭುಜ ಹಿಡಿದುಕೊಂಡಿತು. ಕೊನೆಗೆ ಬಾಗಿಲು ಸರಿಯಾಗಿ ಕೂತ ಮೇಲೆ ಹೊಸ ಪಟ್ಟಿಗಳನ್ನು ಬೆಸೆದಳು. ಬೆಚ್ಚಗಿನ ಅಡುಗೆಮನೆಯಲ್ಲಿ ಕೂತ ವರ್ನ್ ಗೆಳೆಯರಿಗೆ ಫೋನಿನಲ್ಲಿ, "ನಾವೊಂದು ಕಾರ್ ರೆಡಿ ಮಾಡ್ತಿದೀವಿ ಕಣೋ," ಅನ್ನುತ್ತಿದ್ದ. ನಾವಂತೆ. ಹೇಳಿಕೊಳ್ಳಲು ನಾಚಿಕೆ ಬೇಡವೇ?

ಹಿಮ ಕರಗಿ ರಸ್ತೆ ಒಣಗಿದ ಮೇಲೊಂದು ಬೆಳಿಗ್ಗೆ ಕಾರು ಹೊರಗೆ ಬಂತು. ಎಂಜಿನ್ನು ಗುರುಗುಟ್ಟುತ್ತಿತ್ತು. ವರ್ನ್ ಟೋಪಿ ಹಾಕಿ, ಸ್ಯಾಂಡ್‌ವಿಚ್ ಡಬ್ಬಿ ಹಿಡಿದು, ಪಕ್ಕದ ಬಾಗಿಲಿಗೆ ಕೈ ಹಾಕಿದ.

"ಹತ್ತೋಕ್ ಮೊದ್ಲು ನನ್ನ ಕೇಳು," ಅಂದಳು ಸ್ಟೀರಿಂಗ್ ಹಿಡಿದು ಕೂತಿದ್ದ ಲೊರೆಟ್ಟಾ.

ವರ್ನ್ ಅವಳ ಮುಖವನ್ನೇ ನೋಡಿದ. ನಾಟಕವಲ್ಲ, ಆ ಮನುಷ್ಯನಿಗೆ ನಿಜಕ್ಕೂ ಹೊಳೆಯಲಿಲ್ಲ.

"ಏನ್ ಕೇಳ್ಬೇಕು?"

ಲೊರೆಟ್ಟಾ ಅವನ ಕೈಯನ್ನು ಬಾಗಿಲಿನಿಂದ ಬಿಡಿಸಿದಳು. ಆಮೇಲೆ ಗೇರು ಹಾಕಿ ಸರೋವರದ ಕಡೆಗೆ ಒಬ್ಬಳೇ ಹೊರಟಳು.