ತೆಗೆದ ಟಿಕ್ಕು

ಕಾಗದದ ಮೇಲೆ ತಪ್ಪಿ ಹಾಕಿದ ಟಿಕ್ ಗುರುತನ್ನು ಎಷ್ಟೇ ಉಜ್ಜಿದರೂ ಒಂದು ಕಲೆ ಉಳಿಯುತ್ತದೆ. ಕಂಪ್ಯೂಟರಿನಲ್ಲಿ ತೆಗೆದ ಟಿಕ್ಕು ಮಾತ್ರ ತಾನೆಂದೂ ಇರಲೇ ಇಲ್ಲವೇನೋ ಎಂಬಷ್ಟು ನಿರ್ಮಲವಾಗಿ ಮಾಯವಾಗುತ್ತದೆ. ಈ ನೈರ್ಮಲ್ಯವನ್ನು ನಂಬಿಯೇ ನಾನು ಕೆಟ್ಟೆ.

ಹೊಸನಗರದಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತನಾದ ಮೇಲೆ, ಸುಮ್ಮನಿರಲಾರದ ಚಪಲಕ್ಕೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು, ಅದರ ಜಾಂಗೋ ಎಂಬ ಚೌಕಟ್ಟಿನಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ರಕ್ತದಾನಿಗಳಿಗೊಂದು ಜಾಲತಾಣ ಕಟ್ಟಿದೆ. ದಾನಿಗಳು ತಮ್ಮ ವಿವರವನ್ನು ತಾವೇ ತಿದ್ದಬಹುದು. ‘ರಕ್ತ ಕೊಡಲು ಸಿದ್ಧ’ ಎಂಬುದರ ಮುಂದಿನ ಟಿಕ್ ತೆಗೆದವರಿಗೆ ಕರೆ ಹೋಗಬಾರದು ಎಂಬುದು ನನ್ನ ಉದ್ದೇಶ.

ರಿಪ್ಪನ್‌ಪೇಟೆಯಲ್ಲಿ ಬಟ್ಟೆ ಹೊಲಿಯುವ ಶ್ಯಾಮಲ ನನ್ನ ಹಳೆಯ ಶಿಷ್ಯೆ. ರಕ್ತಹೀನತೆಯೆಂದು ವೈದ್ಯರು ಹೇಳಿದ ದಿನವೇ ಟಿಕ್ ತೆಗೆದಿದ್ದಳು. ಆದರೂ ಹೆರಿಗೆಯೊಂದಕ್ಕೆ ರಕ್ತ ಬೇಕೆಂದು ಸಾಗರದ ಆಸ್ಪತ್ರೆಯಿಂದ ಕರೆ ಬಂತು; ಆಗುವುದಿಲ್ಲ ಎನ್ನಲಾರದೆ ಬಸ್ ಹತ್ತಿದಳು. ಪರೀಕ್ಷಿಸಿದ ನರ್ಸು ಅವಳನ್ನೇ ಅರ್ಧ ಗಂಟೆ ಮಲಗಿಸಿ ವಾಪಸು ಕಳಿಸಿದರು. ತಾಯಿ ಮಗು ಕ್ಷೇಮ. ಆದರೆ ಇನ್ನೊಬ್ಬ ದಾನಿ ಸಿಗುವವರೆಗೆ ಆ ಮನೆಯವರು ಆಸ್ಪತ್ರೆಯಲ್ಲಿ ಅನುಭವಿಸಿದ ಸಂಕಟಕ್ಕೆ ನಾನೇ ಹೊಣೆ.

ಅದು ನನಗೆ ಆಗ ಗೊತ್ತಿರಲಿಲ್ಲ. ಅವಳು ಫೋನ್ ಮಾಡಿದಾಗ, “ನೀನು ಸೇವ್ ಒತ್ತಿರಲಿಕ್ಕಿಲ್ಲ” ಎಂದು ತರಗತಿಯ ಗತ್ತಿನಲ್ಲೇ ಗದರಿದೆ. ಅವಳು ವಾದಿಸಲಿಲ್ಲ. ಮರುದಿನ ಮನೆಗೆ ಬಂದು, ಪಕ್ಕದಲ್ಲಿ ಕುಳಿತು, ಟಿಕ್ ತೆಗೆದು ಸೇವ್ ಒತ್ತಿದಳು. ‘ಬದಲಾವಣೆ ಉಳಿಸಲಾಗಿದೆ’ ಎಂದಿತು ಪರದೆ. ಪುಟವನ್ನು ಮತ್ತೆ ತೆರೆದರೆ ಟಿಕ್ಕು ಇದ್ದಲ್ಲೇ ಇತ್ತು.

“ಎರಡು ಸಲ ಮಾಡಿದ್ದೆ ಸರ್. ನಾನೇ ಎಂತದೋ ತಪ್ಪು ಮಾಡಿರ್ಬೇಕು ಅಂದ್ಕಂಡೆ.”

ತಪ್ಪು ನಾನು ಬರೆದ ಒಂದು ಸಾಲಿನಲ್ಲಿತ್ತು. ಸೇವ್ ಒತ್ತಿದಾಗ ಟಿಕ್ ಇಲ್ಲದ ಚೌಕ ಜಾಲತಾಣಕ್ಕೆ ‘ಇಲ್ಲ’ ಎಂದು ಹೇಳಿ ಕಳಿಸುವುದಿಲ್ಲ, ಏನನ್ನೂ ಕಳಿಸುವುದಿಲ್ಲ. ಉತ್ತರ ಬಾರದ ಕಡೆಯೆಲ್ಲ ಹಳೆಯದನ್ನೇ ಉಳಿಸು ಎಂದು ನಾನು ಬರೆದಿದ್ದೆ. ಮೌನಂ ಸಮ್ಮತಿ ಲಕ್ಷಣಂ! ‘ಅರ್ಥವಾಯಿತೇ’ ಎಂದು ಕೇಳಿ, ಯಾರೂ ಬಾಯಿಬಿಡದಿದ್ದರೆ ಮುಂದಿನ ಲೆಕ್ಕಕ್ಕೆ ಹಾರುತ್ತಿದ್ದ ಮೇಷ್ಟ್ರು ಬೇರೇನು ಬರೆದಾನು?

ಇದನ್ನು ಶ್ಯಾಮಲಳಿಗೂ ಹೇಳಿದೆ. “ಅವಾಗ್ಲೂ ನಂಗೆ ಅರ್ಥ ಆಗ್ತಿರ್ಲಿಲ್ಲ ಸರ್,” ಎಂದು ಮೆಲ್ಲನೆ ನಕ್ಕಳು.

ಸಾಲು ತಿದ್ದಿದೆ. ಹಿಂದೆ ಯಾರ್ಯಾರು ಟಿಕ್ ತೆಗೆದಿದ್ದರೆಂದು ತಿಳಿಯುವಂತಿರಲಿಲ್ಲವಾದ್ದರಿಂದ, ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡಿ, ಹೆಸರು ಇರಲೋ ಬೇಡವೋ ಎಂದು ಕೇಳತೊಡಗಿದೆ. ತುಮರಿಯಲ್ಲಿ ಜೀಪು ಓಡಿಸುವವರೊಬ್ಬರು ನನ್ನ ಪ್ರಶ್ನೆ ಕೇಳಿ ಸುಮ್ಮನಾದರು. ಇರಲಿ ಎಂದೇ ಅರ್ಥವೆಂದು ಮುಂದಿನ ಹೆಸರಿಗೆ ಹೊರಟವನು, ತಡೆದು ಕಾದೆ.

“ಇನ್ಸುಲಿನ್ ತಗಳ್ತಿದೀನಿ ಮಾರಾಯ್ರೆ, ರಕ್ತ ಕೊಡಂಗಿಲ್ಲ,” ಎಂದರು ಕೊನೆಗೆ. “ಹೆಸ್ರು ತೆಗ್ಸಿ ಅನ್ನಕ್ಕೆ ನಾಚ್ಕೆ ಆಗ್ತಿತ್ತು. ನೀವೇ ಕೇಳಿದ್ದು ಒಳ್ಳೇದಾಯ್ತು.”