ವೈಗೈ ಅಣೆಯ ಮೇಲೆ ವೀರಕ್ಕ

ಪಕ್ಕದ ಮನೆಯವರು ಹೊಸ ಗೋಡೆಗೆ ನೀರು ಹಾಕುತ್ತಿದ್ದಾರೆ. ಬಿಸಿಲಿಗೆ ಕಾದ ಸಿಮೆಂಟಿನಿಂದ ಏಳುವ ಆ ಹಸಿ ವಾಸನೆ ಕಿಟಕಿಯಿಂದ ಒಳಗೆ ಬಂದರೆ ಇವತ್ತಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಅರವತ್ತರ ದಶಕದ ಒಂದು ಬೆಳಗ್ಗೆ ನಾವು ಶಾಲೆಯ ಮಕ್ಕಳೆಲ್ಲ ವೈಗೈ ಅಣೆ ನೋಡಲು ಹೋಗಿದ್ದಾಗ, ಅದರ ಕೈಗೋಡೆಗೆ ಎಲ್ಲೋ ಹೊಸದಾಗಿ ಗಾರೆ ಮೆತ್ತಿ ನೀರು ಚೆಲ್ಲಿದ್ದರು. ಆ ವಾಸನೆಯ ನಡುವೆ ನನ್ನ ಅಕ್ಕ ವೀರಕ್ಕ ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಹಿಂದಕ್ಕೆ ತೆಗೆಯುತ್ತ ನಿಂತಿದ್ದಳು.

ಕಂಬಂ ಕಣಿವೆಯ ನಮ್ಮ ಮನೆಯಲ್ಲಿ ಒಳಗೆ ಕನ್ನಡ, ಬೀದಿಗಿಳಿದರೆ ತಮಿಳು. ದನ ಕಾಯುತ್ತಿದ್ದ ನಾನೂ ಅಡಿಗೆ ಮಾಡುತ್ತಿದ್ದ ಅಕ್ಕನೂ ತಡವಾಗಿ ಶಾಲೆ ಸೇರಿ, ನನಗೆ ಮೀಸೆ ಚಿಗುರುವ ಹೊತ್ತಿಗೆ ಎಂಟನೆಯ ತರಗತಿಯಲ್ಲಿದ್ದೆವು. ಎಂಟು ಮುಗಿಸಿದರೆ ದಿಂಡಿಗಲ್ಲಿನಲ್ಲಿ ಟೀಚರ್ ಟ್ರೈನಿಂಗಿಗೆ ಸೇರಬಹುದೆಂದು ಮೇಷ್ಟರು ಹೇಳಿದಾಗಿನಿಂದ ಅಕ್ಕನಿಗೆ ಬೇರೆ ಧ್ಯಾನವೇ ಇರಲಿಲ್ಲ. ಆದರೆ ಮನೆಯಲ್ಲಿ ಮಾತು ಅಜ್ಜಿಯದು. ನಮ್ಮ ಹಿರಿಯರು ಬಡಗಣ ಸೀಮೆಯಿಂದ ಜೀವ ಉಳಿಸಿಕೊಂಡು ಓಡಿ ಬರುವಾಗ ತುಂಬಿದ ಹೊಳೆಯೊಂದು ದಾರಿ ಬಿಟ್ಟಿತ್ತಂತೆ. ಅಂದಿನಿಂದ ನಮ್ಮ ಮನೆಯ ಹೆಂಗಸರು ಗುರುತಿಲ್ಲದ ನದಿಯನ್ನು ಕೇಳದೆ ದಾಟುವಂತಿರಲಿಲ್ಲ. ವೀಳ್ಯದೆಲೆಯ ಮೇಲೆ ಚಿಟಿಕೆ ಅರಿಶಿನ ಇಟ್ಟು ನೀರಿಗೆ ಬಿಡಬೇಕು. ಎಲೆ ಹರಿದು ಹೋದರೆ ಅಪ್ಪಣೆ, ದಡಕ್ಕೆ ಮರಳಿದರೆ ಬಂದ ದಾರಿಗೇ ಸುಂಕವಿಲ್ಲವೆಂದು ತಿರುಗಿಬಿಡಬೇಕು. ಗಂಡಸರಿಗೆ ಆ ಕಟ್ಟಳೆ ಇರಲಿಲ್ಲ.

“ದಿಂಡಿಗಲ್ಲು ಆಮೇಲಾಗ್ಲಿ. ಮೊದ್ಲು ಈ ಅಣೆಗೆ ಓಗು. ಒಳೆ ಏನ್ ಏಳ್ತದೋ ಕೇಳ್ಕಂಡ್ ಬಾ. ಅದು ಬ್ಯಾಡ ಅಂದ್ರೆ ನಾನೂ ಬ್ಯಾಡ ಅಂತೀನಿ,” ಅಂದಳು ಅಜ್ಜಿ.

“ಒಳೆಗೆ ತಮಿಳ್ ಬತ್ತದಾ, ಕನ್ನಡ ಬತ್ತದಾ ಅಜ್ಜಿ?” ಅಂದಳು ಅಕ್ಕ.

“ನಿನ್ ಬಾಯಿಗೆ ಬೀಗ ಆಕೋ ಭಾಷೆ ಒಂದಿದ್ರೆ ಏಳು, ಈ ವಯಸ್ನಾಗೂ ಕಲ್ತ್ಕತೀನಿ.”

ಬಸ್ಸಿನಲ್ಲಿ ಅಕ್ಕ ಒಂದು ಕಡೆ ಕೂರಲಿಲ್ಲ. ಎಲೆ ಬಾಡೀತೆಂದು ಒದ್ದೆ ಬಟ್ಟೆಯ ಗಂಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತಲೇ ಇದ್ದಳು. ಘಟ್ಟದ ಸಾಲು ನಮ್ಮ ಜೊತೆಗೇ ಓಡಿ ಬರುತ್ತಿತ್ತು. ಅದರ ನೆತ್ತಿಯ ಮೋಡ, ಕೆಳಗೆ ಹತ್ತಿಯ ಹೊಲ, ಆಂಡಿಪಟ್ಟಿಯ ಕಡೆಯ ಬೋಳು ಗುಡ್ಡ, ಯಾವುದೂ ಅವಳ ಕಣ್ಣಿಗೆ ಬೀಳಲಿಲ್ಲ. ನಮ್ಮನ್ನು ಅಣೆಯ ಈ ದಡದಲ್ಲಿ ಇಳಿಸಿ ಬಸ್ಸು ಸುತ್ತು ಹಾಕಿಕೊಂಡು ಆಚೆ ದಡಕ್ಕೆ ಹೋಯಿತು. ಮೇಷ್ಟರು ಅಣೆಯ ಕಡೆ ಕೈ ಚಾಚಿ ತಮಿಳಿನಲ್ಲಿ ಹೇಳಿದರು: “ಘಟ್ಟದ ಮೇಲೆ ಪೆರಿಯಾರ್ ಹೊಳೆಯ ಅಣೆ ಬಿಳಿಯರು ಕಟ್ಟಿದ್ದು. ಇದು ನಾವು ಕಟ್ಟಿದ್ದು. ನಾವು.” ನಾನು ಕಲ್ಲಿಗೆ ಎರಡೂ ಅಂಗೈ ಒತ್ತಿ ನಿಂತೆ. ಅದರಲ್ಲಿ ಒಂದು ಕಲ್ಲಾದರೂ ನನ್ನದು ಎಂದು ನಿಜವಾಗಿಯೂ ಅನ್ನಿಸಿತು. ನಮ್ಮ ಕಣಿವೆಯವರು ಬರೀ ಓಡಿ ಬಂದವರಲ್ಲ, ನದಿಯನ್ನು ನಿಲ್ಲಿಸಿದ ದೇಶದವರು ಎಂದು ಎದೆ ಉಬ್ಬಿತ್ತು.

ನನ್ನನ್ನೂ ಅಕ್ಕನನ್ನೂ ಬಿಟ್ಟು ಎಲ್ಲರೂ ಅಣೆಯ ಮೇಲೆ ಹೊರಟರು. ಅವಳು ದಡದ ಕಲ್ಲುಗಳ ಮೇಲೆ ಇಳಿದು ಎಲೆ ಬಿಟ್ಟಳು. ನೀರು ಕಟ್ಟಿ ನಿಂತಿತ್ತು. ಗಾಳಿಗೆ ಎಲೆ ತೂಗಾಡಿ ಅವಳ ಕಾಲಿಗೇ ಬಂತು. ಇನ್ನೊಂದು ಬಿಟ್ಟಳು, ಅದೂ ಬಂತು.

“ಏನಮ್ಮ ವೀರಮ್ಮ, ಮೀನಿಗೆ ತಾಂಬೂಲ ಕೊಡ್ತಿದ್ದೀಯಾ? ಆ ಕಡೆ ಬಸ್ಸು ಕಾಯ್ತಿದೆ,” ಎಂದು ಮೇಷ್ಟರು ದೂರದಿಂದ ಕೂಗಿದರು. ಹುಡುಗಿಯರು ನಕ್ಕರು.

“ತಮ್ಮಾ, ಅರಿಯೋ ನೀರು ಎಲ್ಲದೆ?”

“ಆಚೆ ದಡ್ದಾಗೆ, ನೀರು ಬಿಡೋ ಮದಗಿನ ತಾವ. ಇಳಿಯೋ ಮೆಟ್ಲೂ ಅಲ್ಲೇ ಅವೆ.”

“ಅಂದ್ರೆ ದಾಟಿ ಓಗಿ, ದಾಟ್ಲಾ ಅಂತ ಕೇಳ್ಬೇಕು.”

ಅಲ್ಲಿ ಹೋಗಿ ಎಲೆ ಬಿಡು, ಹರೀತು ಅಂತ ಅಜ್ಜಿಗೆ ಹೇಳಿದರಾಯಿತು ಎಂದೆ. ಸುಳ್ಳು ಹೇಳಲಾ ಎಂಬಂತೆ ಅವಳು ನನ್ನನ್ನು ನೋಡಿದಳು. ಕೈಯನ್ನು ದಾವಣಿಗೆ ಒರಸಿಕೊಂಡು ಮೇಲೆ ಹತ್ತಿದಳು. ಹೆಜ್ಜೆ ಮುಂದೆ, ಹಿಂದೆ, ಆಮೇಲೆ ನಡೆದೇಬಿಟ್ಟಳು. ನಡು ಅಣೆಯಲ್ಲಿ ನಿಂತು ಒಂದು ಕಡೆಯ ಸಮುದ್ರದಂಥ ನೀರನ್ನೂ ಇನ್ನೊಂದು ಕಡೆಯ ಆಳವನ್ನೂ ನೋಡಿದಳು.

“ಇದ್ನ ಕಟ್ದೋರು ಒಳೇನ ಕೇಳ್ಕಂಡ್ ಕಟ್ಟಿರ್ತಾರಾ?”

ಅಕ್ಕ ಉತ್ತರಕ್ಕೆ ಕಾಯದೆ, ಮುಂದೆ ಹೋದವರನ್ನೆಲ್ಲ ಹಿಂದೆ ಹಾಕಿ, ಎಲ್ಲರಿಗಿಂತ ಮೊದಲು ಆಚೆ ದಡ ಮುಟ್ಟಿದಳು.

ಸಂಜೆ ಜಗಲಿಯಲ್ಲಿ ಅಜ್ಜಿ ಹತ್ತಿ ಬಿಡಿಸುತ್ತಿದ್ದಳು. “ಎಲೆ ಓಯ್ತಾ?” ಅಂದಳು.

“ಇಲ್ಲ ಅಜ್ಜಿ. ಮರಳ್ ಬಂತು. ನಾನು ದಾಟ್ದೆ.”

ಅಜ್ಜಿ ಹತ್ತಿಯ ಬೀಜವೊಂದನ್ನು ಕಿತ್ತು ಮೊರಕ್ಕೆ ಹಾಕಿದಳು. “ಒಳೆ ಮಾತ್ನೇ ಮೀರ್ದೋಳು ನನ್ ಮಾತ್ಗೆ ಯಾಕೆ ನಿಂತೀಯೆ? ಓಗೋದೂ ನಿಂದೇ, ಬರೋದೂ ನಿಂದೇ.”

ತಡೆಯಲಿಲ್ಲ, ಆದರೆ ಕಳಿಸಿಯೂ ಕೊಡಲಿಲ್ಲ. ನಮ್ಮಲ್ಲಿ ಹೊರಡುವವರು ಹೊಸ್ತಿಲಲ್ಲಿ ನಿಂತು “ಓಗ್ಬತ್ತೀನಿ” ಎನ್ನಬೇಕು, ಒಳಗಿನ ಹಿರಿಯರು “ಬಾ” ಎನ್ನಬೇಕು. ದಿಂಡಿಗಲ್ಲಿಗೆ ಹೊರಟ ದಿನ ಅಕ್ಕ ಟ್ರಂಕು ಹಿಡಿದು ಎಷ್ಟು ಸಲ ಹೇಳಿದರೂ ಅಜ್ಜಿ ಮೊರದಿಂದ ತಲೆ ಎತ್ತಲಿಲ್ಲ. ಅಕ್ಕ ಟೀಚರಾದಳು, ನಿಲಕ್ಕೋಟ್ಟೈಯ ಕಡೆ ಊರೂರಲ್ಲಿ ಪಾಠ ಹೇಳಿದಳು, ರಜೆಗೆಲ್ಲ ಬಂದಳು. ಅಜ್ಜಿ ತಟ್ಟೆಗೆ ತುಪ್ಪ ಸುರಿಯುತ್ತಿದ್ದಳು, ತಲೆಗೆ ಎಣ್ಣೆ ಇಕ್ಕುತ್ತಿದ್ದಳು. ಹೊರಡುವ ಹೊತ್ತಿಗೆ ಮಾತ್ರ ಹಿತ್ತಲಿಗೆ ಎದ್ದು ಹೋಗುತ್ತಿದ್ದಳು. ಅಕ್ಕ ಖಾಲಿ ಜಗಲಿಗೆ ಹೇಳಿ ಹೋಗುತ್ತಿದ್ದಳು.

ಆ ಮನೆಯೂ ಈಗಿಲ್ಲ, ಅಲ್ಲಿದ್ದವರಲ್ಲಿ ನಾನೊಬ್ಬನೇ ಉಳಿದಿದ್ದೇನೆ. ಅಜ್ಜಿಯನ್ನು ಹೊತ್ತು ಹೊರಗೆ ತಂದ ಮಧ್ಯಾಹ್ನ ಅಕ್ಕ ಅಳದೆ ಹೊಸ್ತಿಲ ಒಳಗೆ ನಿಂತಿದ್ದಳು. ಹೊರಡುವವರಿಗೆ ಒಳಗಿನವರು ಹೇಳುವ ಆ ಮಾತನ್ನು ಸತ್ತವರಿಗೆ ನಮ್ಮಲ್ಲಿ ಯಾರೂ ಹೇಳುವುದಿಲ್ಲ, ಹೇಳಬಾರದು. ಚಟ್ಟ ಮೆಟ್ಟಿಲು ಇಳಿಯುವಾಗ ಅವಳು, ಎಲ್ಲರಿಗೂ ಕೇಳುವಂತೆ, “ಬಾ ಅಜ್ಜಿ” ಅಂದಳು.

ಹೊತ್ತವರು ಒಂದು ಗಳಿಗೆ ತಡೆದರು. ಆಮೇಲೆ ನಡೆದರು.