ಉತ್ತರಕ್ಕೆ ತಲೆ ಇಟ್ಟ ನಕ್ಷೆ

ಹಿತ್ತಲಲ್ಲಿ ರಾಗಿ ಕೇರುತ್ತಿದ್ದೆ. ಗಾಳಿ ಹದವಾಗಿತ್ತು. ಹೊಟ್ಟು ತಾನಾಗಿಯೇ ಹಾರಿಹೋಗಿ ನನ್ನ ಕೈಗೆ ಅರ್ಧ ಕೆಲಸ ತಪ್ಪಿತ್ತು. ಶಿವ ಇಂಥ ಗಾಳಿಯನ್ನೂ ಮರೆಯದೆ ಕಳಿಸುತ್ತಾನಲ್ಲ ಎಂದುಕೊಳ್ಳುವಷ್ಟರಲ್ಲಿ ಮಗಳು ಸ್ಕೂಲಿನಿಂದ ಓಡಿಬಂದಳು.

“ಅವ್ವಾ, ಸೋಮವಾರ ಇನ್‌ಸ್ಪೆಕ್ಟ್ರು ಬತ್ತಾರಂತೆ. ನಕ್ಷೆ ಓದಿಸ್ತಾರಂತೆ. ಬರದೇ ಇದ್ದೋರು ಇದೇ ಕ್ಲಾಸಲ್ಲೇ ಕೂತ್ಕಬೇಕಂತೆ!”

ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ನಮ್ಮತ್ತೆ ತಲೆಯನ್ನೂ ಎತ್ತಲಿಲ್ಲ. “ಕ್ಲಾಸಲ್ಲಿ ಯಾಕೆ ಕೂತ್ಕತೀಯೇ ಅಮ್ಮಾಯಿ? ಮನೇಲೇ ಕೂತ್ಕೊ. ಮೊಸರು ಕಡೆಯೋದು ಕಲಿ.”

ಅತ್ತೆ ಪಾವಗಡದ ಪಕ್ಕದ ಊರಿನವರು. ಮಧುಗಿರಿಗೆ ಸೊಸೆಯಾಗಿ ಬಂದು ತಲೆ ನರೆತಿದ್ದರೂ ಸಿಟ್ಟಿಗೂ ಮುದ್ದಿಗೂ ಅವರ ಬಾಯಿಗೆ ಮೊದಲು ಬರುತ್ತಿದ್ದದ್ದು ತೆಲುಗು. ಮಗಳು ಈ ಸಲ ಪಾಸಾದರೆ ಮುಂದಿನ ತರಗತಿಗೆ ಹೋಗಲಿ, ಇಲ್ಲವಾದರೆ ಯುಗಾದಿಯಿಂದ ಮನೆಯಲ್ಲಿರಲಿ ಎಂದು ಅವರು ಯಜಮಾನರನ್ನು ಒಪ್ಪಿಸಿಯಾಗಿತ್ತು. ಯಜಮಾನರು ತಾಯಿಯ ಮಾತು ಮೀರಿದವರಲ್ಲ. ನನಗೋ, ಶಿರಾದ ನನ್ನ ತವರಿನಲ್ಲಿ ಅಪ್ಪ ಮರಳ ಮೇಲೆ ತಿದ್ದಿಸಿದಷ್ಟೇ ಓದು. ಮಗಳಿಗೆ ಇನ್ನೊಂದಿಷ್ಟು ಸಿಗಲಿ ಎಂದು ದಿನವೂ ಪೂಜೆಯಲ್ಲಿ ಕೇಳಿಕೊಳ್ಳುತ್ತಿದ್ದೆ.

ಮೇಷ್ಟ್ರು ದೊಡ್ಡ ಮನಸ್ಸಿನವರು. ಬಟ್ಟೆಗೆ ಅಂಟಿಸಿದ ಒಂದು ಹಳೆಯ ನಕ್ಷೆಯನ್ನು ಅವಳ ಕೈಗೆ ಕೊಟ್ಟು, ಸೋಮವಾರ ಬರುವಾಗ ತಾ ಎಂದಿದ್ದರು. ಪಡಸಾಲೆಯಲ್ಲಿ ಅದನ್ನು ಹಾಸಿ, ಗಾಳಿಗೆ ಹಾರದಂತೆ ಮೂಲೆಗಳ ಮೇಲೆ ಕಲ್ಲಿಟ್ಟು, ಅವಳು ನನಗೇ ಪಾಠ ಹೇಳಿದಳು.

“ಹೊತ್ತು ಹುಟ್ಟೋ ಕಡೆ ಮುಖ ಮಾಡಿ ನಿಂತ್ಕೊ ಅವ್ವ. ಎಡಗೈ ಇರೋದು ಉತ್ತರ. ನಕ್ಷೆ ತಲೇನ ಆ ಕಡೀಕೆ ತಿರುಗಿಸ್ಬೇಕು. ಆಗ ಇದರಾಗಿರೋ ಊರೆಲ್ಲ ಅವು ಇರೋ ದಿಕ್ಕಿಗೇ ಬತ್ತವೆ.”

ನಡುವೆ ನಮ್ಮ ಮಧುಗಿರಿ. ಮೇಲೆ ಪಾವಗಡ, ಕೆಳಗೆ ಕೊರಟಗೆರೆ, ಎಡಕ್ಕೆ ಶಿರಾ. ನೀಲಿ ಬಳಿದಿದ್ದರೆ ಕೆರೆ, ಕೆಂಪು ಗೆರೆ ಎಳೆದಿದ್ದರೆ ಗಾಡಿ ದಾರಿ. ಬೆಟ್ಟಗಳಿಗೆ ಸಣ್ಣ ಸಣ್ಣ ಕೂದಲಿನಂಥ ಗೆರೆ. ಚನ್ನರಾಯನದುರ್ಗ ಕಂಬಳಿಹುಳುವಿನಂತೆ ಕಾಣುತ್ತಿತ್ತು. ಹೂ ಕಟ್ಟುವ ದಾರವನ್ನು ನನ್ನಿಂದ ಇಸಿದುಕೊಂಡು ಶಿರಾದಿಂದ ಬರಗೂರಿಗೆ ಹೋಗುವ ದಾರಿಯ ಮೇಲಿಟ್ಟಳು. ದಾರಿ ಕೊಂಕಿದಲ್ಲೆಲ್ಲ ದಾರವೂ ಕೊಂಕಬೇಕಂತೆ. ಆಮೇಲೆ ಅದನ್ನು ನೆಟ್ಟಗೆ ಎಳೆದು ಕೆಳಗಿನ ಅಳತೆಪಟ್ಟಿಗೆ ಹಿಡಿದರೆ ಎಷ್ಟು ಮೈಲಿ ಎಂದು ತಿಳಿಯುತ್ತದೆ. ಹೂವಿಗಲ್ಲದೆ ದಾರಕ್ಕೆ ಇಂಥ ಕೆಲಸವೂ ಉಂಟಲ್ಲ ಎಂದು ನನಗೆ ಖುಷಿಯಾಯಿತು.

ಆದರೆ ಮರುದಿನ ಸಂಜೆ ಅವಳು ಪಡಸಾಲೆಯಲ್ಲಿ ಅಳುತ್ತಾ ಕೂತಿದ್ದಳು.

“ನಂಗೆ ಬರಾಕಿಲ್ಲ ಬುಡವ್ವ. ಎಷ್ಟು ಸಲ ಸರಿಯಾಗಿ ಇಟ್ಟು ಹೋದ್ರೂ ಬಂದು ನೋಡೋ ಹೊತ್ಗೆ ತಪ್ಪಾಗಿರ್ತೈತೆ. ನೋಡು, ಹೊತ್ತು ಮುಳುಗ್ತಿರೋದು ಕೊರಟಗೆರೆ ಕಡೆ!”

ನೋಡಿದೆ. ನಕ್ಷೆಯ ತಲೆ ಪೂರ್ವಕ್ಕಿತ್ತು. ಅವಳಿಂದಲೇ ಅದನ್ನು ಸರಿಪಡಿಸಿ, ನೀರು ತರಲು ಕಳಿಸಿ, ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಅತ್ತೆ ಬಂದರು. ಸೊಂಟ ಹಿಡಿದುಕೊಂಡು ಬಗ್ಗಿ, ಕಲ್ಲುಗಳನ್ನೆತ್ತಿ, ನಕ್ಷೆಯನ್ನು ಮೆಲ್ಲಗೆ ತಿರುಗಿಸಿ ಕಣ್ಣಿಗೊತ್ತಿಕೊಂಡರು.

“ಅತ್ತೆ, ಇದೇನು ಮಾಡ್ತಾ ಇದೀರಿ?”

“ಏಮೇ, ನಿಂಗಾದ್ರೂ ಬುದ್ಧಿ ಬ್ಯಾಡ್ವಾ? ಮಹಾರಾಜರ ಸೀಮೆ ಕಣಮ್ಮ ಇದು. ಉತ್ತರಕ್ಕೆ ತಲೆ ಮಾಡಿ ಮಲಗಿಸವ್ಳೆ ನಿನ್ ಮಗಳು. ಹೆಣಾನ ಹಂಗೆ ಮಲಗಿಸೋದು! ನಿನ್ನೆಯಿಂದ ತಿರುಗಿಸಿ ತಿರುಗಿಸಿ ನನ್ ಸೊಂಟ ಬಿದ್ದೋಯ್ತು.”

ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡೆ. ಅವರ ಭಯ ಸುಳ್ಳಲ್ಲ. ನಾನೂ ಮಕ್ಕಳನ್ನು ಉತ್ತರಕ್ಕೆ ತಲೆ ಹಾಕಿ ಮಲಗಲು ಬಿಟ್ಟವಳಲ್ಲ. ಅಷ್ಟರಲ್ಲಿ ಕೊಡ ಹೊತ್ತು ಬಂದ ಮಗಳೇ ಬಾಯಿಬಿಟ್ಟಳು.

“ಅಯ್ಯೋ ಅಜ್ಜಿ, ನೀನಾ! ಅದು ಮಲಗಿಲ್ಲ ಕಣಜ್ಜಿ. ಮಲಗಿದ್ರೆ ಹೊಳೆ ಹೆಂಗೆ ಹರೀತದೆ, ಗಾಡಿ ಹೆಂಗೆ ಹೋಗ್ತವೆ? ಉತ್ತರಕ್ಕೆ ಮುಖ ಮಾಡಿ ಕೂತೈತೆ. ನೀನು ಪೂಜೆಗೆ ಕೂರಲ್ವಾ, ಹಂಗೆ.”

ಅತ್ತೆ ನಕ್ಷೆಯನ್ನು ಇನ್ನೊಮ್ಮೆ ನೋಡಿದರು. “ಕೂತೈತಾ? ಕೂತಿದ್ರೆ ಸರಿ ಬುಡು,” ಎಂದು ತಾವೂ ಅದರ ಪಕ್ಕ ಕೂತರು. ಆಮೇಲೆ ಮೆತ್ತಗೆ, “ನಮ್ಮಮ್ಮನ ಮನೆ ಇದರಾಗೆ ಐತಾ?” ಎಂದು ಕೇಳಿದರು.

ಮಗಳು ಅಜ್ಜಿಯ ಬೆರಳು ಹಿಡಿದು ಪಾವಗಡದ ಮೇಲಿಟ್ಟಳು. ಸುತ್ತ ತೆಲುಗರಿರುವ ಮದ್ರಾಸು ಸೀಮೆಯ ಬಣ್ಣ, ನಡುವೆ ಪಾವಗಡ ಒಂದೇ ನಮ್ಮ ಬಣ್ಣ. “ಅದಕ್ಕೇ ನೀರು ಕೇಳಿದ್ರೂ ತೆಲುಗಲ್ಲಿ ಕೊಡ್ತಾರೆ,” ಎಂದರು ಅತ್ತೆ. “ನಮ್ಮ ಮನೆಯಿಂದ ಅದು ಯಾವ ಕಡೀಕೆ?”

ಮಗಳು ಉತ್ತರದ ಗೋಡೆಗೆ ಕೈ ಮಾಡಿದಳು. ಅತ್ತೆ ಆ ಗೋಡೆಯನ್ನು ನೋಡಿದರು, ಅದರಡಿ ಸುತ್ತಿಟ್ಟಿದ್ದ ತಮ್ಮ ಚಾಪೆಯನ್ನು ನೋಡಿದರು.

“ಅಯ್ಯೋ ಶಿವನೇ! ದಕ್ಷಿಣಕ್ಕೆ ತಲೆ ಹಾಕಿ, ಇಷ್ಟು ವರ್ಷ ಅಮ್ಮನ ಮನೆ ಕಡೀಕೇ ಕಾಲು ಚಾಚ್ಕಂಡು ಮಲಗಿದ್ನಲ್ಲೇ!”

ಅಂದೇ ಅವರ ಚಾಪೆ ಪೂರ್ವಕ್ಕೆ ತಲೆಯಾಯಿತು. ಯಜಮಾನರು ಅದನ್ನು ಕಂಡು, “ಈಗ ಶಿರಾ ಕಡೀಕೆ ಕಾಲು ಬಂತಲ್ಲವ್ವ,” ಎಂದು ಛೇಡಿಸಿದರು.

“ಶಿರಾದಾಗೆ ನಂಗ್ಯಾರವ್ರೆ, ಬುಡು,” ಎಂದವರಿಗೆ ನನ್ನ ಮುಖ ಕಂಡಿತು. ಇಬ್ಬರೂ ಒಟ್ಟಿಗೇ ನಕ್ಕೆವು. ಅವರೊಂದಿಗೆ ಹಾಗೆ ನಕ್ಕದ್ದು ಕಡಿಮೆ. ಅದೂ ನನ್ನ ಪಾಲಿಗೆ ಬಂದ ಪ್ರಸಾದವೇ.

ಸೋಮವಾರ ಮಧ್ಯಾಹ್ನವೆಲ್ಲ ಅತ್ತೆ ಬೀದಿಬಾಗಿಲು ಬಿಟ್ಟು ಅಲ್ಲಾಡಲಿಲ್ಲ. ಮಗಳು ಮೂಲೆ ತಿರುಗಿದ್ದೇ ತಡ, “ಏನಾಯ್ತೇ ಅಮ್ಮಾಯಿ?” ಎಂದು ಕೂಗಿದರು.

ಸ್ಕೂಲಿನಲ್ಲಿ ನಕ್ಷೆಯನ್ನು ದಕ್ಷಿಣದ ಗೋಡೆಗೆ ತೂಗುಹಾಕಿದ್ದರಂತೆ. ಪಾವಗಡ ಯಾವ ಕಡೆಗಿದೆ, ಕೈಮಾಡಿ ತೋರಿಸಿ ಎಂದು ಇನ್‌ಸ್ಪೆಕ್ಟರು ಕೇಳಿದರೆ, ಮೊದಲು ಎದ್ದ ಹುಡುಗಿ ಸೂರಿನ ಕಡೆ ತೋರಿಸಿದಳಂತೆ. ನಕ್ಷೆಯಲ್ಲಿ ಅದು ಮೇಲಿತ್ತಲ್ಲ!

“ನಾನು, ‘ಇದನ್ನ ಇಳಿಸಿ ಉತ್ತರಕ್ಕೆ ಕೂರಿಸ್ಲಾ ಸ್ವಾಮಿ’ ಅಂದೆ. ನಕ್ಕುಬುಟ್ಟು, ‘ಕೂರಿಸಮ್ಮ’ ಅಂದ್ರು. ಕೂರಿಸಿ, ನೆಟ್ಟಗೆ ಉತ್ತರದ ಬಾಗಿಲ ಕಡೆ ಕೈ ತೋರಿಸ್ದೆ. ಪಾಸು ಅಜ್ಜಿ!”

ನಾನು ದೇವರ ಗೂಡಿನ ಕಡೆ ತಿರುಗಿ ಕೈ ಮುಗಿದೆ. ಆದರೂ ಅತ್ತೆಯ ಮಾತು ಬರಬೇಕಿತ್ತು. ಅವರು ಎಲೆಗೆ ಸುಣ್ಣ ಹಚ್ಚುತ್ತಾ, “ಮುಂದಿನ ಕ್ಲಾಸಲ್ಲಿ ಏನು ನಕ್ಷೆ?” ಎಂದು ಕೇಳಿದರು.

“ಇಂಡಿಯಾ, ಅಜ್ಜಿ.”

“ಕಾಶಿ ಐತಾ ಅದರಾಗೆ?”

“ಐತೆ.”

“ಅಂಗಾದ್ರೆ ಹೋಗು. ಅದು ಯಾವ ಕಡೀಕೈತೋ ನೋಡ್ಕಂಡು ಬಾ. ಚಾಪೆ ಇನ್ನೊಂದು ಸಲ ತಿರುಗಿಸ್ಬೇಕೋ ಏನೋ.”

ಒಲೆಯ ಮೇಲಿನ ಹಾಲು ಉಗುರುಬೆಚ್ಚಗಾಗಿತ್ತು. ನಾನು ಹೆಪ್ಪು ಹಾಕಲು ಒಳಗೆ ಹೋದೆ.